ಜಿಗಿಯದವನು

ಬೆಳಗ್ಗೆ ಎದ್ದ ಕೂಡಲೇ ಮೆದಾರ್ ಕೊರ್ವಿಸಿ ಮಾಡುವ ಮೊದಲ ಕೆಲಸ ಪ್ರಾರ್ಥನೆಯಲ್ಲ, ಗಾಳಿ ಮೂಸುವುದು. ಕಿಟಕಿಯ ಒಂದು ಕದ ತೆರೆದು, ರಾತ್ರಿಯ ಟೋಪಿಯನ್ನು ಕಿವಿಯ ಮೇಲಕ್ಕೆ ಸರಿಸಿ, ಬೀದಿಯ ಕಡೆಗೆ ಮೂಗು ಚಾಚಿ ನಿಲ್ಲುತ್ತಾನೆ. ಗಾಳಿ ಒಣಗಿದ್ದರೆ ಅವನು ಆವತ್ತು ಪ್ಯಾರಿಸ್ಸಿನ ದೊಡ್ಡ ಮನುಷ್ಯರಲ್ಲಿ ಒಬ್ಬ. ಗಾಜಿನ ಗೋಳ ತಿರುಗಿಸಿ, ಅಂಗೈಯಿಂದ ಉಜ್ಜಿಸಿ, ಕಿಡಿ ಹುಟ್ಟಿಸಿ, ಅದನ್ನು ನೀರಿನ ಸೀಸೆಯೊಳಗೆ ತುಂಬಿಟ್ಟು, ಮುಟ್ಟಿದವರನ್ನೆಲ್ಲ ನಿಂತಲ್ಲೇ ಜಿಗಿಸಬಲ್ಲ ಭೌತವಿಜ್ಞಾನದ ಮೇಷ್ಟ್ರು. ತೇವವಿದ್ದರೆ ಅದೇ ಗೋಳವನ್ನು ಅಷ್ಟೇ ಹೊತ್ತು ತಿರುಗಿಸಿಯೂ ಏನೂ ಆಗದೆ, ಮುಂದಿನ ಸಾಲಿನ ಹೆಂಗಸರು ಬೀಸಣಿಗೆಯ ಹಿಂದೆ ಆಕಳಿಸುವುದನ್ನು ನೋಡುತ್ತ ನಿಂತ ಪೆದ್ದ. ಇಂಥವನಿಗೆ ಹೆತ್ತವರು ಇಟ್ಟ ಹೆಸರಾದರೋ ಮಳೆ ಸುರಿಸುವ ಸಂತನದು, ಆ ಸಂತನ ಹಬ್ಬದ ದಿನವೇ ಹುಟ್ಟಿದನೆಂದು. ಇವತ್ತು ಗಾಳಿ ಗರಿಗರಿಯಾಗಿತ್ತು. ರೊಟ್ಟಿಯ ಒಲೆಯ ಹೊಗೆ, ಚರ್ಮ ಹದಮಾಡುವವರ ಓಣಿಯ ನಾತ, ಕುದುರೆಯ ಲದ್ದಿ, ಒಂದೊಂದೂ ಬಿಡಿಬಿಡಿಯಾಗಿ ಮೂಗಿಗೆ ಬಂದವು. ತೇವದ ದಿನ ಅವು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಆದರೆ ನಿನ್ನೆ ರಾತ್ರಿ ಅವನು ಮಳೆ ಬರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡು ಮಲಗಿದ್ದ.

"ಏನ್ರೀ, ಹೆಂಗಿದೆ ಗಾಳಿ?" ಎಂದಳು ಹೆಂಡತಿ ಪೆರಿನ್, ಹಾಸಿಗೆಯಿಂದಲೇ.

"ಒಣಗಿದೆ. ಬಹಳ ಚೆನ್ನಾಗಿ ಒಣಗಿದೆ."

"ಹಂಗಾದ್ರೆ ಮುಖ ಯಾಕೆ ಹಿಂಡಿದ ನಿಂಬೆಹಣ್ಣಾಗಿದೆ?"

ಅವನು ನಕ್ಕುಬಿಟ್ಟ. ಭಾನುವಾರದಿಂದ ಹೀಗೇ. ನಗೆ ಮತ್ತು ನಾಚಿಕೆ ಎರಡೂ ಒಟ್ಟಿಗೇ ಹೊಟ್ಟೆಯೊಳಗೆ ಕೂತಿದ್ದವು, ಯಾವಾಗ ಯಾವುದು ಮೇಲೆ ಬರುತ್ತದೆಂದು ಹೇಳುವಂತಿರಲಿಲ್ಲ. ಕ್ಷೌರಕ್ಕೆ ಕೂತಾಗ ನಗೆ ಬಂದು ಗಲ್ಲ ಕೊಯ್ದುಕೊಂಡಿದ್ದ. ಚರ್ಚಿನಲ್ಲಿ ಮಂಡಿಯೂರಿದಾಗ ನಾಚಿಕೆ ಬಂದು ಕಿವಿ ಕೆಂಪಾಗಿತ್ತು. ಈಗಲೂ ಕತ್ತಿ ಗಲ್ಲಕ್ಕೆ ತಾಗಿಸುತ್ತಲೇ ಕಣ್ಣ ಮುಂದೆ ಬಂದದ್ದು ಊರಿನ ಸಿರಿವಂತೆ ಮದಾಮ್ ದ ಬೊರ್ವಾಲ್‌ರ ತೋಟ, ಭಾನುವಾರದ ಬಿಸಿಲು, ಕೊಳದ ಸುತ್ತ ಕುದುರೆಲಾಳದ ಆಕಾರದಲ್ಲಿ ಕೈ ಕೈ ಹಿಡಿದು ನಿಂತ ಜನ. ಅಡುಗೆಯವಳ ಕೈಯನ್ನು ಪಾದ್ರಿ, ಪಾದ್ರಿಯ ಕೈಯನ್ನು ಕರ್ನಲ್ಲನ ಹೆಂಡತಿ, ಅವಳ ಬೆರಳ ತುದಿಯನ್ನು ಹೆದರಿ ಹೆದರಿ ಒಬ್ಬ ಮೋಂಬತ್ತಿ ವ್ಯಾಪಾರಿ. ಬೇರೆ ದಿನ ಒಬ್ಬರ ನೆರಳು ಒಬ್ಬರಿಗೆ ಸೋಕದಂತೆ ನಡೆಯುವ ಜನ ಅವನ ಸೀಸೆಯ ಹೊಡೆತಕ್ಕಾಗಿ, ಅದೂ ತಾವಾಗಿ ಕೇಳಿಕೊಂಡು, ಅಂಗೈಗೆ ಅಂಗೈ ಕೊಟ್ಟು ನಿಲ್ಲುತ್ತಿದ್ದರು. ಸರಪಳಿಯ ಒಂದು ತುದಿಯವನು ಸೀಸೆಯನ್ನು ಹಿಡಿದಿರಬೇಕು, ಇನ್ನೊಂದು ತುದಿಯವನು ಅದರ ಮೂತಿಯಿಂದ ಹೊರಬಂದ ಲೋಹದ ಕಡ್ಡಿಯನ್ನು ಮುಟ್ಟಬೇಕು. ಅಷ್ಟೇ, ಎಲ್ಲರೂ ಒಂದೇ ಗಳಿಗೆಯಲ್ಲಿ ಕೂಗಿ ಮೇಲಕ್ಕೆ ಹಾರುತ್ತಾರೆ, ಗೌನುಗಳು ಉಬ್ಬುತ್ತವೆ, ವಿಗ್ಗುಗಳಿಂದ ಪುಡಿ ಉದುರುತ್ತದೆ, ಆ ಒಂದು ಚಣ ಭೂಮಿಯ ಮೇಲೆ ಯಾರೂ ಇರುವುದಿಲ್ಲ. ಅದನ್ನು ನೋಡುವಾಗ ಮೆದಾರ್‌ಗೆ ತಲೆ ತಿರುಗುವಷ್ಟು ಸಂತೋಷವಾಗುತ್ತಿತ್ತು. ಮೊದಲ ಬಾರಿ ಆ ಸೀಸೆಯನ್ನು ಅಡುಗೆಮನೆಯಲ್ಲಿ ಒಬ್ಬನೇ ಮುಟ್ಟಿದಾಗ ಅವನು ಹಿಟ್ಟಿನ ಮೂಟೆಯ ಮೇಲೆ ಅಂಗಾತ ಬಿದ್ದು, ಬಿದ್ದಲ್ಲೇ ಕಾಲು ಬಡಿಯುತ್ತ ನಕ್ಕಿದ್ದ. ಗಂಡನಿಗೆ ಮೂರ್ಛೆರೋಗ ಬಂತೆಂದು ಪೆರಿನ್ ಅವನ ಬಾಯಿಗೆ ಮರದ ಸೌಟು ತುರುಕಿದ್ದಳು.

ಆದರೆ ಭಾನುವಾರ ಎಲ್ಲರೂ ಜಿಗಿಯಲಿಲ್ಲ. ಕಡ್ಡಿಯ ತುದಿಯಿಂದ ಹೊರಟ ಹೊಡೆತ ಅಡುಗೆಯವಳನ್ನು ಹಾರಿಸಿತು, ಪಾದ್ರಿಯನ್ನು ಹಾರಿಸಿತು, ಕರ್ನಲ್ಲನ ಹೆಂಡತಿಯನ್ನು ಹಾರಿಸಿತು, ಮೋಂಬತ್ತಿ ವ್ಯಾಪಾರಿಯನ್ನು ಹಾರಿಸಿತು, ಅವನ ಪಕ್ಕದಲ್ಲಿದ್ದ ಫ್ಲೋರಾಂ ಜಾಕಿನೋ ಎಂಬ ನೃತ್ಯದ ಮೇಷ್ಟ್ರ ಹತ್ತಿರ ಬಂದು ಮಾಯವಾಯಿತು. ಫ್ಲೋರಾಂ ಬಿಳಿ ಕಾಲುಚೀಲದಲ್ಲಿ, ಒಂದು ಪಾದ ಸ್ವಲ್ಪ ಮುಂದಿಟ್ಟುಕೊಂಡು, ಮುಗುಳ್ನಗುತ್ತ ನಿಂತೇ ಇದ್ದ, ತನ್ನ ಸರದಿ ಇನ್ನೂ ಬರಬೇಕೆಂದುಕೊಂಡು. ಅವನಾಚೆ ಯಾರೂ ಅಲ್ಲಾಡಿದಂತೆ ಕಾಣಲಿಲ್ಲ. ಮತ್ತೆ ಮಾಡಿದರು; ಮತ್ತೆ ಅವನ ತನಕ ಬಂದು ನಿಂತಿತು. ತೋಟವಿಡೀ ಮೌನ. ಆ ಮೌನ ಮೆದಾರ್‌ಗೆ ಗೊತ್ತಿತ್ತು. ಹಿಂದೊಮ್ಮೆ ಗಾಳಿ ಹೀರುವ ಯಂತ್ರದ ತೊಗಲು ಹರಿದು, ಉಬ್ಬಿ ಒಡೆಯಬೇಕಾದ ಹಂದಿಯ ಮೂತ್ರಚೀಲ ಒಡೆಯದೆ ಸುಮ್ಮನೆ ಸುಕ್ಕಾಗಿ ಕೂತಾಗ ಇಂಥದೇ ಮೌನವಾಗಿತ್ತು, ಆಮೇಲೆ ಬಾಗಿಲ ಬಳಿಯಿದ್ದ ಒಬ್ಬ ಆಳು ಕಿಸಕ್ಕೆಂದಿದ್ದ, ಆ ಕಿಸಕ್ಕು ವರ್ಷಗಟ್ಟಲೆ ಅವನ ಕಿವಿಯಲ್ಲಿ ಬಾಡಿಗೆ ಕೊಡದೆ ವಾಸವಾಗಿತ್ತು. ಜನರ ಮುಂದೆ ಪ್ರಯೋಗ ಸೋಲಬಾರದು. ಸೋತರೆ ನೀನು ಪಂಡಿತನಲ್ಲ, ಸಂತೆಯ ದೊಂಬ. ಆಗ ಯಾರೋ ಒಬ್ಬ ರಸಿಕ ಗಂಟಲು ಸರಿಮಾಡಿಕೊಂಡು, "ಪಾಪ, ಹುಡುಗನಲ್ಲಿ ಏನೋ ಒಂದು ಕಮ್ಮಿ ಇರ್ಬೇಕು. ಗಂಡಸಲ್ಲದವನ ಮೈಯಲ್ಲಿ ಇದು ಹರಿಯಲ್ವೇನೋ," ಎಂದ. ಕೊಳದ ಸುತ್ತ ನಗೆ ಉಕ್ಕಿತು. ಮದಾಮ್ ದ ಬೊರ್ವಾಲ್ ಬೀಸಣಿಗೆ ಮಡಚಿ, "ಹೌದೇ ಮೇಷ್ಟ್ರೇ?" ಎಂದು ಕೇಳಿದರು. ಆಗಲಾದರೂ 'ಗೊತ್ತಿಲ್ಲ' ಎನ್ನಬಹುದಿತ್ತು. ಮೆದಾರ್ ತಲೆ ಬಾಗಿಸಿ, ಬಹಳ ಗಂಭೀರವಾಗಿ, "ಪ್ರಕೃತಿಗೆ ದಾಕ್ಷಿಣ್ಯ ಇಲ್ಲ, ಮದಾಮ್," ಎಂದುಬಿಟ್ಟ. ಚಪ್ಪಾಳೆ ಬಿತ್ತು.

ಚಪ್ಪಾಳೆಯ ನಡುವೆಯೇ ಅವನಿಗೆ ಒಂದು ವಿಷಯ ಮುಳ್ಳಿನಂತೆ ಚುಚ್ಚಿತ್ತು. ಹೊಡೆತ ಫ್ಲೋರಾಂನಲ್ಲಿ ನಿಂತುಹೋದದ್ದಾದರೆ, ಆ ಕಡೆಯ ಕೊನೆಯಲ್ಲಿ ಸೀಸೆ ಹಿಡಿದು ನಿಂತಿದ್ದ ಲಾಯದ ಆಳು ಮಾತ್ರ ಹೇಗೆ ಜಿಗಿದ? ಯಾರೂ ಅವನನ್ನು ನೋಡಿರಲಿಲ್ಲ. ಎಲ್ಲರ ಕಣ್ಣೂ ಫ್ಲೋರಾಂನ ಬಿಳಿ ಕಾಲುಚೀಲದ ಮೇಲಿತ್ತು. ಮಾರನೆಯ ದಿನ ಮೆದಾರ್ ಅಡುಗೆಮನೆಯ ಇಟ್ಟಿಗೆ ನೆಲದ ಮೇಲೆ ಹೆಂಡತಿ, ನಾಲ್ಕು ಮಕ್ಕಳು, ಕೆಲಸದವಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಒಣ ನೆಲದಲ್ಲಿ ಎಲ್ಲರೂ ಕಪ್ಪೆಗಳ ಹಾಗೆ ನೆಗೆದರು. ಒಂದು ಬಿಂದಿಗೆ ನೀರು ಸುರಿದು ಮತ್ತೆ ಮಾಡಿದಾಗ ಎರಡು ತುದಿಯವರು ಮಾತ್ರ ನೆಗೆದರು, ನಡುವಿನ ಮಕ್ಕಳು ಪಿಳಿಪಿಳಿ ನೋಡುತ್ತ ನಿಂತರು, ಚಿಕ್ಕವಳು ತಾನೂ ಜಿಗಿಯಬೇಕೆಂದು ಅತ್ತಳು. ಬೊರ್ವಾಲ್ ತೋಟದ ಕೊಳ ಎಲ್ಲೋ ಬಿರುಕು ಬಿಟ್ಟಿದೆ, ನೀರು ಹುಲ್ಲಿನ ಬುಡಕ್ಕೆ ಜಿನುಗುತ್ತಿದೆ, ನೆಲ ಒದ್ದೆಯಿದ್ದರೆ ಆ ಹರಿವಿಗೆ ಮನುಷ್ಯರ ಕೈಗಳ ಹಂಗೇ ಬೇಕಿಲ್ಲ, ನೆಲದಲ್ಲೇ ಇಳಿದು ಅಡ್ಡದಾರಿ ಹಿಡಿಯುತ್ತದೆ. ಗೊತ್ತಾದ ಗಳಿಗೆಯಲ್ಲಿ ಅವನು ಖುಷಿಯಿಂದ ಒದ್ದೆ ನೆಲದ ಮೇಲೆ ಕುಣಿದಾಡಿದ. ಇಡೀ ಯುರೋಪಿನಲ್ಲಿ ಯಾರಿಗೂ ಇದು ಹೊಳೆದಿರಲಿಕ್ಕಿಲ್ಲ ಎಂದುಕೊಂಡ. ಕುಣಿಯುತ್ತಿದ್ದಾಗ ಪೆರಿನ್ ನೆಲ ಒರೆಸಲು ಬಟ್ಟೆ ತಂದು, "ಹಂಗಾದ್ರೆ ಆ ಫ್ಲೋರಾಂ ಪಾಪದೋನಲ್ವೇನ್ರೀ," ಎಂದಳು. ಅವನು ಕುಣಿಯುವುದನ್ನು ನಿಲ್ಲಿಸಿದ. ಆಮೇಲೆ ಬಾಯಿ ಮಾತ್ರ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎಂದರೆ, ಅಷ್ಟರಲ್ಲಿ ಊರು ಅವನನ್ನು ಹೊತ್ತು ಮೆರೆಸತೊಡಗಿತ್ತು. ಹತ್ತಾರು ವರ್ಷ ಗಾಳಿಗೆ ತೂಕವಿದೆ, ಬೆಳಕು ಬಾಗುತ್ತದೆ ಎಂದು ಗಂಟಲು ಹರಿದುಕೊಂಡಾಗ ತಿರುಗಿ ನೋಡದ ಜನ, ಗಂಡಸ್ತನ ಅಳೆಯುವ ಯಂತ್ರ ಕಂಡುಹಿಡಿದವನು ಎಂದ ಕೂಡಲೇ ಬೀದಿಯಲ್ಲಿ ಟೋಪಿ ತೆಗೆಯುತ್ತಿದ್ದರು. ಇವತ್ತು ಮಧ್ಯಾಹ್ನ ಅದೇ ತೋಟದಲ್ಲಿ ಅದೇ ಪವಾಡವನ್ನು ಮತ್ತೆ ತೋರಿಸಬೇಕೆಂದು ಮದಾಮ್ ದ ಬೊರ್ವಾಲ್ ಹೇಳಿಕಳಿಸಿದ್ದರು. ವರ್ಸಾಯ್ ಅರಮನೆಯಿಂದ ಒಬ್ಬರು ಬರಲಿದ್ದರು; ಅವರಿಗೆ ಹಿಡಿಸಿದರೆ ರಾಜಮನೆತನದ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಂತೆಯೇ. ಒದ್ದೆ ಹುಲ್ಲಿನ ಕಥೆ ಹೇಳಿದರೆ ಯಾರಿಗೆ ಹಿಡಿಸೀತು? ಗಲ್ಲದ ಸಾಬೂನು ಒರೆಸಿಕೊಳ್ಳುತ್ತಿರುವಾಗಲೇ ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಬಂದವನು ಫ್ಲೋರಾಂ.

ಅವನು ಕೂರಲಿಲ್ಲ. ಟೋಪಿಯನ್ನು ಎರಡು ಕೈಯಲ್ಲಿ ಹಿಡಿದು, ಅಭ್ಯಾಸಬಲದಿಂದ ಪಾದಗಳನ್ನು ಚೆಂದವಾಗಿ ಜೋಡಿಸಿ ನಿಂತ. ಬಟ್ಟೆ ವ್ಯಾಪಾರಿ ಪೋನ್ಸಲೆಯ ಮಗಳು ಕ್ಲೋದಿನ್ ಜೊತೆ ಅವನ ಮದುವೆ ನಿಶ್ಚಯವಾಗಿದ್ದು, ಚರ್ಚಿನಲ್ಲಿ ಎರಡು ಭಾನುವಾರ ಅವರಿಬ್ಬರ ಹೆಸರು ಕೂಗಿ ಆಗಿದ್ದು ಮೆದಾರ್‌ಗೂ ಗೊತ್ತಿತ್ತು. ಮೂರನೆಯ ಕೂಗಾದರೆ ಮದುವೆಗೆ ಯಾರೂ ಅಡ್ಡಿ ಮಾಡುವಂತಿಲ್ಲ.

"ಮೂರನೇ ಕೂಗು ಬೇಡ ಅಂತ ಮಾವನೋರು ಪಾದ್ರಿಗೆ ಹೇಳ್ಬಿಟ್ಟಿದಾರೆ," ಎಂದ ಫ್ಲೋರಾಂ. "ಮಾವ ಅಂತ ಇನ್ನೂ ಬಾಯಲ್ಲಿ ಬರತ್ತೆ, ಕ್ಷಮಿಸಿ. ಪೋನ್ಸಲೆಯೋರು. ನನ್ನ ಮಗಳ್ನ ಬೊಂಬೆಗೆ ಕೊಡಕ್ಕಾಗಲ್ಲ ಅಂದ್ರಂತೆ. ಕ್ಲೋದಿನ್ ಅಳ್ತಾ ಕೂತಿದಾಳೆ. ಪಾಠಕ್ಕೆ ಬರೋ ಹೆಣ್ಮಕ್ಕಳ ಅಮ್ಮಂದಿರು ಮಾತ್ರ ಈಗ ಪಕ್ಕದಲ್ಲಿ ಕಾವಲು ಕೂರದೆ ಎದ್ದು ಹೋಗ್ತಾರೆ. ಅದೊಂದೇ ಲಾಭ."

ಮೆದಾರ್‌ಗೆ ನಗು ಬಂತು, ಕೆಮ್ಮಿದ.

"ನಗಿ ಮೇಷ್ಟ್ರೇ, ಪರವಾಗಿಲ್ಲ. ನಾನೇ ನಗ್ತೀನಿ. ನಾನು ಬಂದಿದ್ದು ಜಗಳಕ್ಕಲ್ಲ. ಒಂದು ಮಾತು ಕೇಳ್ಬೇಕಾಗಿತ್ತು." ಫ್ಲೋರಾಂ ದನಿ ತಗ್ಗಿಸಿದ. "ನಂಗೆ ಯಾವತ್ತೂ ಅಂಥದ್ದೇನೂ ಅನ್ಸಿರ್ಲಿಲ್ಲ. ಎಲ್ಲಾ ಸರಿಯಾಗೇ ಇದೆ ಅನ್ಕೊಂಡಿದ್ದೆ. ಆದ್ರೆ ನೀವು ಓದಿದೋರು. ನೀವು ಹೇಳಿದ್ಮೇಲೆ ನಂಗೇ ಅನುಮಾನ ಬಂದಿದೆ. ಕನ್ನಡಿ ಮುಂದೆ ನಿಂತ್ಕೊಂಡು ನೋಡ್ಕೊಳ್ತೀನಿ, ಇವನು ನಾನೇನಾ ಅಂತ. ನಿಜ ಹೇಳಿ, ನಾನು ಹಂಗೇನಾ?"

ಮನುಷ್ಯನ ಬಾಯಿಂದ ಬಂದ ಒಂದು ಸಾಲು ಇನ್ನೊಬ್ಬನ ಮೈಯೊಳಗೆ ಹೊಕ್ಕು ಹೀಗೆ ಕೂರಬಲ್ಲದೆಂದು ಮೆದಾರ್ ಅಂದುಕೊಂಡಿರಲಿಲ್ಲ. ಇಲ್ಲಪ್ಪಾ, ನೆಲ ಒದ್ದೆಯಿತ್ತು, ಅಷ್ಟೇ, ಹೋಗಿ ನೆಮ್ಮದಿಯಾಗಿ ಊಟ ಮಾಡು: ನಾಲಿಗೆಯ ತುದಿಯಲ್ಲಿತ್ತು ಮಾತು. ಒಳಬಾಗಿಲಲ್ಲಿ ಪೆರಿನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆದರೆ ಇಲ್ಲಿ, ಈ ಸಣ್ಣ ಕೋಣೆಯಲ್ಲಿ ಇವನ ಕಿವಿಗಷ್ಟೇ ಹೇಳಿದರೆ ಇವನು ಹೊರಗೆ ಹೋಗಿ ಸಾರುತ್ತಾನೆ, ಮಧ್ಯಾಹ್ನದೊಳಗೆ ಊರೆಲ್ಲ ಹಬ್ಬುತ್ತದೆ, ವರ್ಸಾಯ್‌ನವರು ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ. ಮೆದಾರ್ ತನ್ನ ಅಂಗೈಗಳನ್ನು ಕೋಟಿಗೆ ಒರೆಸಿಕೊಂಡ. ಹೇಡಿತನ ಬಂದಾಗಲೆಲ್ಲ ಅವನ ಕೈ ಬೆವರುತ್ತಿತ್ತು. ಬೆವರುವ ಕೈಯವನಾದ್ದರಿಂದಲೇ ಗೋಳ ಉಜ್ಜುವ ಕೆಲಸ ಪೆರಿನ್‌ಳದಾಗಿತ್ತು, ಅವಳ ಅಂಗೈ ಬೇಸಿಗೆಯಲ್ಲೂ ಕಾಗದದ ಹಾಗೆ ಒಣಗಿರುತ್ತಿತ್ತು. "ಮಧ್ಯಾಹ್ನ ತೋಟಕ್ಕೆ ಬಾ," ಎಂದಷ್ಟೇ ಹೇಳಿದ. ಫ್ಲೋರಾಂ ವಂದಿಸಿದ. ಎಷ್ಟು ಸೊಗಸಾಗಿ ವಂದಿಸಿದನೆಂದರೆ ಮೆದಾರ್‌ಗೆ ನೆಲಕ್ಕೆ ಇಳಿದುಹೋದಂತಾಯಿತು.

ಗೋಳವನ್ನು ಹುಲ್ಲಿನಲ್ಲಿ ಸುತ್ತಿ ಗಾಡಿಯಲ್ಲಿಟ್ಟು, ಗಂಡಹೆಂಡಿರಿಬ್ಬರೂ ಹಿಂದಿನಿಂದ ನಡೆದರು. ಒಂದಷ್ಟು ದೂರ ಹೋದಮೇಲೆ ಪೆರಿನ್, "ಅವನಿಗ್ಯಾಕೆ ಹೇಳ್ಲಿಲ್ಲ?" ಎಂದಳು.

"ಹೇಳ್ತೀನಿ. ಎಲ್ಲರ ಮುಂದೆ ಹೇಳ್ತೀನಿ."

"ವರ್ಸಾಯ್‌ನೋರ ಮುಂದೆ?"

"ಅವ್ರು ಹೊರಟ್ಮೇಲೆ ಹೇಳಿದ್ರೂ ಆಗತ್ತೆ."

"ಆಗತ್ತೆ ಆಗತ್ತೆ. ಆ ಹುಡ್ಗಿಗೆ ಬೇರೆ ಗಂಡು ನೋಡಿ, ಅವಳು ಮೊಮ್ಮಕ್ಕಳನ್ನ ಆಡ್ಸೋವಾಗ ಹೇಳಿದ್ರೂ ಆಗತ್ತೆ."

ಟೋಪಿ ಅಂಗಡಿಯವನು ಬಾಗಿಲಿಗೆ ಬಂದು, "ಮೇಷ್ಟ್ರೇ, ನಮ್ಮ ಅಳಿಯನ್ನ ಒಂದ್ಸಲ ಪರೀಕ್ಷೆ ಮಾಡ್ಕೊಡಿ, ಮದ್ವೆಯಾಗಿ ಎರಡು ವರ್ಷ ಆಯ್ತು," ಎಂದು ಕೂಗಿದ. ಬೀದಿ ನಕ್ಕಿತು, ಮೆದಾರ್ ಕೂಡ ಕೈಯೆತ್ತಿ ನಕ್ಕ. ಬಿಸಿಲು ಅವನ ತಲೆಗೇರಿತ್ತು, ಕಾಲು ನೆಲದ ಮೇಲಿರಲಿಲ್ಲ. ತಾನು ಕಳ್ಳ ಎಂಬುದು ಗೊತ್ತಿದ್ದೂ ಹೀಗೆ ಹಗುರಾಗಿ ನಡೆಯಲು ಸಾಧ್ಯವೇ ಎಂದು ತನಗೆ ತಾನೇ ಆಶ್ಚರ್ಯಪಟ್ಟ.

ತೋಟದಲ್ಲಿ ಹೆಂಗಸರೆಲ್ಲ ಮೊದಲೇ ಬಂದು ಕೂತಿದ್ದರು. ಗಂಡಸರು ಮಾತ್ರ ಒಬ್ಬೊಬ್ಬರೂ ಒಂದೊಂದು ನೆಪ ಹಿಡಿದಿದ್ದರು. ಒಬ್ಬರಿಗೆ ಕೀಲುನೋವು, ಒಬ್ಬರಿಗೆ ನೆಗಡಿ, ಒಬ್ಬರು ಪಾಪನಿವೇದನೆ ಮಾಡಿಕೊಂಡು ಬಂದದ್ದರಿಂದ ಇವತ್ತು ಆಟಪಾಟಗಳಲ್ಲಿ ಸೇರುವಂತಿರಲಿಲ್ಲ. ಮದಾಮ್ ದ ಬೊರ್ವಾಲ್ ಒಬ್ಬೊಬ್ಬರನ್ನೇ ತೋಳು ಹಿಡಿದು ಎಬ್ಬಿಸಿ ಕೊಳದ ಸುತ್ತ ನಿಲ್ಲಿಸುತ್ತಿದ್ದರು. ಅವರ ಪ್ರಾಯ ಅರವತ್ತು ದಾಟಿತ್ತು, ಗಂಡಸರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸುವ ಸುಖ ಅವರಿಗೆ ಇಷ್ಟು ತಡವಾಗಿ ಸಿಕ್ಕಿತ್ತು. ವರ್ಸಾಯ್‌ನವರು, ಉದ್ದ ಮುಖದ ಬೂದು ರೇಷ್ಮೆಯ ಮನುಷ್ಯ, ದೂರದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಪೋನ್ಸಲೆ ತನ್ನ ಹೊಟ್ಟೆಯನ್ನೂ ಹೆಂಡತಿಯನ್ನೂ ಮುಂದಿಟ್ಟುಕೊಂಡು ಬಂದಿದ್ದ, ಬೊರ್ವಾಲ್ ಮನೆಯ ಪರದೆಗಳೆಲ್ಲ ಅವನ ಅಂಗಡಿಯವು. ಹಿಂದೆ ಕಣ್ಣು ಊದಿಸಿಕೊಂಡ ಕ್ಲೋದಿನ್. ತೋಟದ ಕಡೆ ತೆರೆದ ಗಾಜಿನ ಬಾಗಿಲ ಒಳಗೆ ಮೆದಾರ್ ಗೋಳದ ಚಕ್ರ ತಿರುಗಿಸಿದ, ಪೆರಿನ್ ತೋಳು ಮಡಚಿ ಅಂಗೈಯೊಡ್ಡಿದಳು. ಗಾಜು ಗುಂಯ್‌ಗುಟ್ಟಿತು, ಅವಳ ಕೈಯಡಿ ಚಿಟಿಚಿಟಿ ಸದ್ದಾಯಿತು, ಮಳೆ ಬರುವ ಮುಂಚಿನ ವಾಸನೆ ಎದ್ದಿತು. ಸೀಸೆ ತುಂಬಿತು.

"ಆ ನೃತ್ಯದ ಹುಡುಗನ್ನ ಅದೇ ಜಾಗದಲ್ಲಿ ನಿಲ್ಸಿ ಮೇಷ್ಟ್ರೇ," ಎಂದರು ಮದಾಮ್. "ಇವ್ರು ಕಣ್ಣಾರೆ ನೋಡ್ಲಿ."

ಫ್ಲೋರಾಂ ಬಂದ. ಸುಣ್ಣದಂತೆ ಬಿಳಚಿಕೊಂಡಿದ್ದ, ಆದರೂ ಒಂದು ಪಾದ ಸ್ವಲ್ಪ ಮುಂದಿಟ್ಟು ನಿಂತ. ಅವನ ಚಪ್ಪಟೆ ಬೂಟಿನ ಕೆಳಗೆ ಹುಲ್ಲು ಪಚಕ್ಕೆಂದ ಸದ್ದು ಮೆದಾರ್‌ನ ಕಿವಿಗೆ ಗುಂಡು ಹಾರಿಸಿದಂತೆ ಕೇಳಿಸಿತು. ಇಷ್ಟು ಜೋರಾದ ಸದ್ದು ಇವರಿಗ್ಯಾರಿಗೂ ಕೇಳುತ್ತಿಲ್ಲವೇ? ಒಂದು ಸಲ ತೋರಿಸಿ, ವರ್ಸಾಯ್‌ನವರು ನಕ್ಕು, ಎದ್ದು ಹೋದಮೇಲೆ... ಕ್ಲೋದಿನ್ ಮುಖ ಮುಚ್ಚಿಕೊಂಡಳು. ಫ್ಲೋರಾಂ ಅವಳ ಕಡೆ ನೋಡುತ್ತಿರಲಿಲ್ಲ, ಮೆದಾರ್‌ನ ಕಡೆ ನೋಡುತ್ತಿದ್ದ, ದೂರಿನಿಂದಲ್ಲ, ವೈದ್ಯನ ಕಡೆ ರೋಗಿ ನೋಡುವಂತೆ, ಇವತ್ತಾದರೂ ಬೇರೆ ಉತ್ತರ ಬರಬಹುದೇ ಎಂದು. ಅದನ್ನು ಮೆದಾರ್‌ಗೆ ತಡೆಯಲಾಗಲಿಲ್ಲ. ಅವನು ಹುಲ್ಲಿನ ಮೇಲೆ ದಾಪುಗಾಲು ಹಾಕಿ ಹೋಗಿ, ಫ್ಲೋರಾಂನ ಭುಜ ಹಿಡಿದು ಸಾಲಿನಿಂದ ಆಚೆ ಸರಿಸಿದ.

"ಇಲ್ಲಿ ನಾನು ನಿಲ್ತೀನಿ," ಎಂದ.

ಮೋಂಬತ್ತಿ ವ್ಯಾಪಾರಿಯ ಕೈ ಒಂದು ಕಡೆ, ನೆಗಡಿಯವರ ಕೈ ಇನ್ನೊಂದು ಕಡೆ. ಪಾದ್ರಿ ಕಡ್ಡಿ ಮುಟ್ಟಿದರು. ಅವನವರೆಗಿನ ಸರಪಳಿ ಕೂಗುತ್ತ ಮೇಲೆದ್ದಿತು, ಮೋಂಬತ್ತಿ ವ್ಯಾಪಾರಿಯ ಕೈ ಅವನ ಕೈಯೊಳಗೆ ಮೀನಿನಂತೆ ಎಗರಿತು, ಅವನಿಗೆ ಮಾತ್ರ ಏನೂ ಇಲ್ಲ. ಬರೀ ಬಿಸಿಲು, ಒದ್ದೆ ಕಾಲುಚೀಲ. ಅವನಿಗೆ ಎಂದೂ ಇಲ್ಲದ ಖುಷಿಯಾಯಿತು. ಸತ್ಯ ತನ್ನ ಪಾದದಡಿಯೇ ಇದೆ, ಇನ್ನೇನು ಬಗ್ಗಿ ಎತ್ತಿ ತೋರಿಸಿದರಾಯಿತು. ಗಂಟಲು ಸರಿಪಡಿಸಿಕೊಂಡು, ಪಾಠ ಹೇಳುವ ದನಿಯಲ್ಲಿ, "ಮದಾಮ್, ನೋಡಿದ್ರಿ. ನಾನೂ ಜಿಗೀಲಿಲ್ಲ. ಆದ್ರೆ ನಂಗೆ ನಾಲ್ಕು ಜನ ಮಕ್ಕಳಿದಾರೆ," ಎಂದ.

ಮದಾಮ್ ದ ಬೊರ್ವಾಲ್ ಬೀಸಣಿಗೆಯ ಮೇಲಿಂದ ಕಣ್ಣರಳಿಸಿದರು.

"ನಿಮ್ಮವೇ ಅಂತ ಯಾರು ಹೇಳಿದ್ದು ಮೇಷ್ಟ್ರೇ?"

ನಗೆ ಎಂದರೆ ನಗೆ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು, ಪಾದ್ರಿ ಕಣ್ಣೊರೆಸಿಕೊಂಡರು, ಬೂದು ರೇಷ್ಮೆಯ ಉದ್ದ ಮುಖ ಕೂಡ ಅಗಲವಾಯಿತು. ಆ ನಗೆಯ ನಡುವೆ ಮೆದಾರ್‌ನ ಕತ್ತು ತಾನಾಗಿ ಗಾಜಿನ ಬಾಗಿಲ ಕಡೆ ತಿರುಗಿತು. ಪೆರಿನ್ ಅಲ್ಲಿ ತೋಳು ಮಡಚಿದ ಹಾಗೇ ನಿಂತಿದ್ದಳು. ಅವನ ಕಣ್ಣ ಮುಂದೆ ಬಂದದ್ದು ಎರಡನೆಯ ಮಗ ರೆಮಿಯ ಕೆಂಚು ಕೂದಲು. ಮನೆಯಲ್ಲಿ ಮತ್ತಾರಿಗೂ ಇಲ್ಲದ ಕೆಂಚು. ಆ ವರ್ಷ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಕೊಳಲಿನವನು, ಅವನ ಕೆಂಚು ಹುಬ್ಬು, ಮೆಟ್ಟಿಲ ಮೇಲೆ ಅವನು ಪೆರಿನ್‌ಗೆ ನೀರಿನ ಬಿಂದಿಗೆ ಎತ್ತಿಕೊಟ್ಟದ್ದು. ರೆಪ್ಪೆ ಬಡಿಯುವಷ್ಟು ಹೊತ್ತು. ನೆಲ ಒದ್ದೆಯಿದೆಯೆಂದು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ತಿಳಿದವನು, ಆ ಒದ್ದೆಯಲ್ಲಿ ನಿಂತುಕೊಂಡೇ, ಒಂದು ರೆಪ್ಪೆ ಹೊತ್ತು ಅವರ ಮಾತನ್ನು ನಂಬಿದ. ಆಮೇಲೆ ನಾಚಿಕೆ, ಅದರ ಬೆನ್ನಿಗೇ ತಡೆಯಲಾರದ ನಗೆ. ಅವನು ಎಲ್ಲರಿಗಿಂತ ಜೋರಾಗಿ ನಗುತ್ತ, "ಸರಿ ಸ್ವಾಮಿ, ಇನ್ಯಾರು ಬರ್ತೀರಿ? ಬನ್ನಿ, ಈ ಜಾಗ ಖಾಲಿ ಇದೆ," ಎಂದು ತೋಳು ಚಾಚಿದ. ಯಾರೂ ಬರಲಿಲ್ಲ. ಇಷ್ಟು ಹೊತ್ತು ನಕ್ಕ ಗಂಡಸರೆಲ್ಲ ಮರಗಳನ್ನು ನೋಡತೊಡಗಿದರು.

ಪೆರಿನ್ ಹುಲ್ಲಿಗೆ ಇಳಿದು ಬಂದಳು. ಗಂಡನ ಕಡೆ ನೋಡದೆ ನೇರ ಬಟ್ಟೆ ವ್ಯಾಪಾರಿಯ ಹತ್ತಿರ ಹೋದಳು.

"ಪೋನ್ಸಲೆಯೋರೇ, ನಿಮಗೆ ಮಕ್ಕಳೆಷ್ಟು?"

"ಒಂಬತ್ತು," ಎಂದ ಪೋನ್ಸಲೆ, ಹೊಟ್ಟೆ ಸವರಿಕೊಂಡು.

"ಎಲ್ಲಾ ನಿಮ್ಮವೇ?"

"ಏನಮ್ಮಾ ಹಂಗಂದ್ರೆ?" ಎಂದು ಅವನ ಹೆಂಡತಿ ಮುಂದೆ ಬಂದಳು.

"ಹಂಗಾದ್ರೆ ನಿಮ್ಮ ಯಜಮಾನ್ರಿಗೆ ಭಯ ಯಾಕೆ? ನಿಲ್ಲಕ್ಕೆ ಹೇಳಿ."

ಹಿಂದೆ ಸರಿಯುವ ದಾರಿ ಇರಲಿಲ್ಲ. ಹೆಂಡತಿ ಕಣ್ಣಲ್ಲೇ ತಳ್ಳಿದಳು, ಪೋನ್ಸಲೆ ಹೋಗಿ ಮೆದಾರ್ ಬಿಟ್ಟ ಜಾಗದಲ್ಲಿ ಕಾಲು ಅಗಲಿಸಿ ನಿಂತ, ಎತ್ತು ನೊಗಕ್ಕೆ ಕತ್ತು ಕೊಟ್ಟಂತೆ ಎರಡು ಕೈಯನ್ನೂ ಕೊಟ್ಟ. ಪೆರಿನ್ ಒಳಗೆ ಹೋಗಿ ಮತ್ತೆ ಸೀಸೆ ತುಂಬಿ ಕೊಟ್ಟಳು. ಪಾದ್ರಿ ಮುಟ್ಟಿದರು. ಪೋನ್ಸಲೆಯ ತನಕ ಎಲ್ಲರೂ ಹಾರಿದರು, ಅವನು ನೆಟ್ಟ ಗೂಟದಂತೆ ನಿಂತಿದ್ದ. ಅವನ ಮುಖದ ಮೇಲೆ ಹಾದುಹೋದದ್ದನ್ನು ಮೆದಾರ್ ಬಹಳ ಹತ್ತಿರದಿಂದ ನೋಡಿದ: ಒಂದೊಂದೇ ಮಗುವಿನ ಮುಖ ನೆನಪಿಗೆ ತಂದುಕೊಳ್ಳುತ್ತಿದ್ದ, ಕೆಂಪಾದ, ಬಿಳಿಯಾದ. ಯಾರೂ ನಗುವ ಧೈರ್ಯ ಮಾಡಲಿಲ್ಲ.

"ಯಾಕ್ರೀ ಸುಮ್ನೆ ನಿಂತಿದೀರಾ? ಮಾತಾಡಿ," ಎಂದಳು ಅವನ ಹೆಂಡತಿ, ಬಹಳ ಮೆಲ್ಲಗೆ.

ಪೋನ್ಸಲೆ ಹೆಂಡತಿಯನ್ನು ನೋಡಿದ, ಆಕಾಶ ನೋಡಿದ, ತನ್ನ ಪಾದ ನೋಡಿದ. ಒಂದು ಪಾದ ಎತ್ತಿದ. ಬೂಟಿನಿಂದ ನೀರು ತೊಟ್ಟಿಕ್ಕಿತು.

"ಒದ್ದೆ," ಎಂದ. ಆಮೇಲೆ ತೋಟಕ್ಕೆಲ್ಲ ಕೇಳುವಂತೆ, "ನೆಲ ಒದ್ದೆ ಇದೆ ಕಣ್ರೀ. ಹುಲ್ಲಿನ್ ತುಂಬ ನೀರು. ಆ ಕಿಡಿ ಸೀದಾ ನೆಲಕ್ಕೆ ಇಳ್ದ್‌ಹೋಗ್ತಿದೆ, ಮನುಷ್ಯನ ತನಕ ಎಲ್ಲಿ ಬರತ್ತೆ? ಇಷ್ಟೂ ಗೊತ್ತಾಗಲ್ವಾ ಓದಿದೋರಿಗೆ?"

ಮೆದಾರ್ ಬಾಯಿ ತೆರೆದು ನಿಂತ. ವಿದ್ವಾಂಸರ ಸಭೆಯಲ್ಲಿ ತಾನು ಎಷ್ಟು ಬೆವರಿ ಮಂಡಿಸಿದರೂ ಯಾರೂ ಒಪ್ಪಲಾರದಂಥ ಸಿದ್ಧಾಂತವನ್ನು ಒಬ್ಬ ಬಟ್ಟೆ ವ್ಯಾಪಾರಿ ಮಾನ ಉಳಿಸಿಕೊಳ್ಳಲು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದ, ಗಂಡಸರೆಲ್ಲ ಒಂದೇ ಉಸಿರಿಗೆ ಒಪ್ಪಿಬಿಟ್ಟಿದ್ದರು. ಹೌದು ಒದ್ದೆ, ತುಂಬಾ ಒದ್ದೆ, ನಾನಾಗಲೇ ಅಂದುಕೊಂಡೆ ಎನ್ನುತ್ತ ಕೀಲುನೋವಿನವರು, ನೆಗಡಿಯವರು, ಪಾದ್ರಿ, ಪುಡಿ ಬಳಿದ ವಿಗ್ಗುಗಳೆಲ್ಲ ಬಗ್ಗಿ ಅಂಗೈಯಿಂದ ಹುಲ್ಲು ಮುಟ್ಟಿ ನೋಡುತ್ತಿದ್ದರು. "ಅವರು ಹೇಳಿದ್ದು ನಿಜ," ಎಂದು ಮೆದಾರ್ ಕೂಗಿದ. "ಸೋಮವಾರದಿಂದ ನಂಗೆ ಗೊತ್ತಿತ್ತು. ಭಾನುವಾರ ನಾನು ಹೇಳಿದ್ದು ಸುಳ್ಳು. ಈ ಹುಡುಗನಲ್ಲಿ ಯಾವ ಕೊರತೆನೂ ಇಲ್ಲ." ಕೊನೆಯ ಮಾತು ಯಾರ ಕಿವಿಗೆ ಬಿತ್ತೋ, ಫ್ಲೋರಾಂನ ಕಿವಿಗಂತೂ ಬಿತ್ತು. ಎಲ್ಲರನ್ನೂ ಜಲ್ಲಿ ಹಾಸಿದ ಒಣ ದಾರಿಗೆ ಕರೆದೊಯ್ದು ಮತ್ತೆ ನಿಲ್ಲಿಸಿದಾಗ ಫ್ಲೋರಾಂ ಎಷ್ಟೆತ್ತರ ಹಾರಿದನೆಂದರೆ, ಅದರಲ್ಲಿ ಸೀಸೆಯ ಪಾಲೆಷ್ಟು ಅವನ ಪಾಲೆಷ್ಟು ಹೇಳಲಾಗದು. ಇಳಿಯುವಾಗ ಒಂದು ಸುತ್ತು ತಿರುಗಿಯೇ ಇಳಿದ. ಅವನ ಪಕ್ಕದಲ್ಲಿ ಕೈ ಹಿಡಿದಿದ್ದ ಕ್ಲೋದಿನ್ ಹಾರಿದಳು, ಒಂಬತ್ತು ಮಕ್ಕಳ ತಂದೆ ಹಾರಿದ, "ಭಾನುವಾರ ಕೂಗ್ಲಿ ಮೂರನೇದು, ಕೂಗ್ಲಿ," ಎಂದು ಏದುಸಿರು ಬಿಡುತ್ತ ಮತ್ತೊಮ್ಮೆ ಹಾರಲು ಕೈ ಕೊಟ್ಟ. ಬೂದು ರೇಷ್ಮೆಯ ಕುರ್ಚಿ ಖಾಲಿಯಾಗಿತ್ತು. ಗೇಟಿನ ಕಡೆ ಗಾಡಿಯ ಸದ್ದು ಕೇಳಿತು. ಮೆದಾರ್ ತಿರುಗಿ ನೋಡಲಿಲ್ಲ, ಚಕ್ರ ತಿರುಗಿಸುತ್ತಲೇ ಇದ್ದ.

ಮನೆಗೆ ಹೊರಟಾಗ ಹೊತ್ತು ಇಳಿದಿತ್ತು. ಗೋಳದ ಗಾಡಿ ಮುಂದೆ ಮುಂದೆ ಗಡಗಡ ಹೋಗುತ್ತಿತ್ತು. ಮೆದಾರ್ ಒಂದೇ ಸಮನೆ ಮಾತಾಡುತ್ತಿದ್ದ, ಪೋನ್ಸಲೆಯ ಪಾದ, ಪಾದ್ರಿಯ ಒದ್ದೆ ಅಂಗೈ, ವರ್ಸಾಯ್ ಹೋದರೆ ಹೋಗಲಿ ಬಿಡು, ನಾಳೆಯೇ ಒದ್ದೆ ನೆಲದ ಮೇಲೆ ಹೊಸ ಪಾಠ ಶುರುಮಾಡುತ್ತೇನೆ ಎಂದು. ಸೇತುವೆಯ ನಡುವೆ ಬಂದಾಗ ಪೆರಿನ್ ನಿಂತಳು. ಕೆಳಗೆ ನದಿಯಲ್ಲಿ ಯಾರೋ ಬಟ್ಟೆ ಬಡಿಯುತ್ತಿದ್ದರು.

"ನೀವು ನೋಡಿದ್ರಿ," ಎಂದಳು.

"ಏನನ್ನ?"

"ನನ್ನ. ಅವ್ರು ನಕ್ಕಾಗ."

ಅವನಿಗೆ ಹೇಳಬಹುದಾದ ಎಷ್ಟೋ ಮಾತುಗಳು ಹೊಳೆದವು. ಕತ್ತು ಸುಮ್ಮನೆ ತಿರುಗಿತು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಸೀಸೆ ಎಲ್ಲಿದೆಯೆಂದು ನೋಡಿದೆ.

"ಫ್ಲೋರಾಂಗೆ ನೆಲ ಒದ್ದೆ ಅಂತ ಗೊತ್ತಿರ್ಲಿಲ್ಲ. ಪೋನ್ಸಲೆಗೂ ಗೊತ್ತಿರ್ಲಿಲ್ಲ," ಎಂದಳು. "ನಿಮ್ಗೆ ಗೊತ್ತಿತ್ತು."

"ನೋಡ್ದೆ," ಎಂದ ಮೆದಾರ್.

"ಯಾವ ಮಗು?"

ಕೆಳಗೆ ಬಟ್ಟೆ ಬಡಿಯುವ ಸದ್ದು ನಿಂತು, ಮತ್ತೆ ಶುರುವಾಯಿತು.

"ರೆಮಿ. ಅವನ ಕೂದಲು..."

ಪೆರಿನ್ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆಯಿಂದ ನಗೆ ಎದ್ದಿತು, ಸೇತುವೆಯ ಕಟ್ಟೆ ಹಿಡಿದುಕೊಂಡು ನಕ್ಕಳು, ದಾರಿಹೋಕರು ತಿರುಗಿ ನೋಡಿದರು. "ಅದು ನಿಮ್ಮಮ್ಮನ ಕೂದ್ಲು ಕಣ್ರೀ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಜೀವಮಾನವೆಲ್ಲ ಬಿಳೀ ಟೋಪಿಯೊಳಗೆ ಮುಚ್ಚಿಟ್ಕೊಂಡಿದ್ರಲ್ಲ, ಅದು. ಅವ್ರು ಹಾಸಿಗೆ ಹಿಡಿದಾಗ ದಿನಾ ಬಾಚ್ತಿದ್ದೋಳು ನಾನು. ನೀವು ಪಕ್ಕದ ರೂಮಲ್ಲಿ ಗಾಳಿ ತೂಗ್ತಿದ್ರಿ." ಮೆದಾರ್‌ಗೂ ನಗು ಬಂತು. ಅಮ್ಮನ ಕೂದಲು ಕೆಂಚೆಂದು ನಲವತ್ತೈದು ವರ್ಷ ತನಗೆ ಗೊತ್ತೇ ಇರಲಿಲ್ಲವೆಂದು ನಗು ಬಂತು, ಹೊಟ್ಟೆ ಹಿಡಿದುಕೊಂಡು ಬಗ್ಗಿದ, ಉಸಿರು ಸಿಕ್ಕಿಕೊಂಡಿತು. ತಲೆಯೆತ್ತಿದಾಗ ಪೆರಿನ್ ನಗುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಅವನಿಗೆ ನಿಲ್ಲಿಸಲಾಗಲಿಲ್ಲ, ಸೇತುವೆಯ ಮೇಲೆ, ಅಷ್ಟು ಜನರ ನಡುವೆ, ಒಬ್ಬನೇ ನಗುತ್ತ, ನಗುತ್ತಲೇ ಅವಳ ಮುಖ ನೋಡುತ್ತ ನಿಂತಿದ್ದ.

"ನಡೀರಿ," ಎಂದಳು ಪೆರಿನ್, ಗೌನಿನ ಅಂಚಿನ ಧೂಳು ಕೊಡವಿ. "ಮಕ್ಕಳು ಹಸ್ಕೊಂಡಿರ್ತವೆ. ನಾಲ್ಕೂ."